ಜಾಕೆಟ್ ಮೇಲೆ 10,000 ಎಂಎಂ, ಒಳಗೆ ಮೈಯೆಲ್ಲ ಒದ್ದೆ: ಟ್ರೆಕ್ಕಿಂಗ್ ಸಾಮಾನಿನ ಲೇಬಲ್ ನಂಬಬಹುದಾ?

ಇವತ್ತಿನ ಮಾತು ಒಂದು ಲೆಕ್ಕದಿಂದ ಶುರುವಾಗುತ್ತೆ. ಲೆಕ್ಕ ನನ್ನದಲ್ಲ, ನನ್ನ ತಮ್ಮನದು.

ಅವನಿಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ತಂದ, ತನಗೆ ಅಂತ ಆನ್‌ಲೈನ್‌ನಲ್ಲಿ ಒಂದು ರೇನ್ ಜಾಕೆಟ್ ತರಿಸಿಕೊಂಡ. ನಾವಿಬ್ಬರು, ಜೊತೆಗೆ ಮೂವರು ಗೆಳೆಯರು, ಕುದುರೆಮುಖಕ್ಕೆ ಹೋಗೋದು ಅಂತ ತೀರ್ಮಾನ ಆಗಿತ್ತು. ಜಾಕೆಟ್ ಬಂದ ದಿನ ಕಾಲರ್‌ನಲ್ಲಿ ನೇತಾಡ್ತಿದ್ದ ಟ್ಯಾಗ್ ತೋರಿಸಿ ಹೇಳಿದ: "ಅಕ್ಕಾ, ಆಗುಂಬೆಯಲ್ಲಿ ವರ್ಷಕ್ಕೆ ಎಷ್ಟು ಮಳೆ? ಹೆಚ್ಚುಕಮ್ಮಿ ಏಳು ಸಾವಿರ ಎಂಎಂ. ಈ ಜಾಕೆಟ್ ಹತ್ತು ಸಾವಿರ ಎಂಎಂ. ಇಡೀ ವರ್ಷದ ಮಳೆ ಒಂದೇ ದಿನ ಸುರಿದ್ರೂ ಇನ್ನೂ ಮೂರು ಸಾವಿರ ಬಾಕಿ ಉಳಿಯುತ್ತೆ!"

ನಾನು ನಕ್ಕೆ. ನಕ್ಕೆ ಅಷ್ಟೇ, ತಿದ್ದಲಿಲ್ಲ. ಯಾಕಂದ್ರೆ ಆ ಹತ್ತು ಸಾವಿರ ಅಂದ್ರೆ ಏನು ಅಂತ ನನಗೂ ಆಗ ಗೊತ್ತಿರಲಿಲ್ಲ. ದೊಡ್ಡ ನಂಬರ್ ಇದೆ, ಒಳ್ಳೇದೇ ಇರ್ಬೇಕು ಅಂದುಕೊಂಡೆ. ನಮ್ಮಲ್ಲಿ ಬಹಳಷ್ಟು ಜನ ಸಾಮಾನು ಕೊಳ್ಳೋದು ಹೀಗೇ ಅಲ್ವಾ?

ಸೆಪ್ಟೆಂಬರ್ ತಿಂಗಳು. ಮುಳ್ಳೋಡಿಯಿಂದ ಬೆಳಗ್ಗೆ ಹೊರಟ್ವಿ. ಹೋಗಿ ಬರೋದು ಸೇರಿ 20 ಕಿಲೋಮೀಟರ್ ಆಸುಪಾಸಿನ ದಾರಿ. ಮೇಲೆ ಟೆಂಟ್ ಹಾಕೋ ಹಾಗಿಲ್ಲ, ಸಂಜೆಯೊಳಗೆ ಇಳಿದು ಬರಲೇಬೇಕು. ಮೊದಲ ಎರಡು ಗಂಟೆ ಹನಿ ಮಳೆ, ಹಳ್ಳ, ಜಿಗಣೆ, ಸೆಲ್ಫಿ. ಒಂಟಿಮರ ದಾಟಿ ಹುಲ್ಲಿನ ಗುಡ್ಡ ಏರೋಕೆ ಶುರು ಮಾಡಿದ ಮೇಲೆ ಗಾಳಿ ಬಂತು. ಮಳೆ ಮೇಲಿಂದ ಬೀಳ್ತಿಲ್ಲ, ಪಕ್ಕದಿಂದ ಹೊಡೀತಿದೆ. ತಮ್ಮ ಜಾಕೆಟ್ ಜಿಪ್ ಗಂಟಲವರೆಗೂ ಎಳೆದು ಮುಂದೆ ಮುಂದೆ ಹೋಗ್ತಿದ್ದ.

ಸುಮಾರು ಒಂದು ಗಂಟೆ ಆದ್ಮೇಲೆ ಅವನು ಹಿಂದೆ ಬಿದ್ದ. ದಾರಿಯುದ್ದಕ್ಕೂ ವಟವಟ ಅಂತಿದ್ದವನು ಮಾತಾಡ್ತಿಲ್ಲ. "ಏನಾಯ್ತೋ?" ಅಂದ್ರೆ "ಏನಿಲ್ಲ" ಅಂದ, ಆದರೆ ಆ ಮೂರಕ್ಷರವೂ ತೊದಲಿತು. ನೀರಿನ ಬಾಟಲಿ ಮುಚ್ಚಳ ತಿರುಗಿಸೋಕೆ ಬೆರಳು ಕೇಳ್ತಿಲ್ಲ. ನಮ್ಮ ಜೊತೆ ಬಂದಿದ್ದ ಊರಿನ ಗೈಡ್ ಒಂದೇ ಸಲ ಮುಖ ನೋಡಿ ಹೇಳಿದರು: "ಎಂತ ಮಾರಾಯ್ರೇ, ಹುಡುಗ ಮಾತೇ ಆಡ್ತಿಲ್ವಲ್ಲ! ಆ ಕೋಟು ಬಿಚ್ಚಿಸಿ ಮೊದ್ಲು."

ಜಿಪ್ ತೆಗೆದ್ರೆ ಒಳಗಿನ ಹತ್ತಿ ಟೀಶರ್ಟ್ ಹಿಂಡಿದ್ರೆ ನೀರು ಸುರಿಯೋ ಹಾಗಿತ್ತು. ಹೊರಗೆ ವಾಟರ್‌ಪ್ರೂಫ್, ಒಳಗೆ ಪೂರ್ತಿ ಒದ್ದೆ.

ಇದಕ್ಕೆ ಹೈಪೋಥರ್ಮಿಯಾ ಅಂತಾರೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯೋದು. ಹಿಮ ಇದ್ದರೆ ಮಾತ್ರ ಆಗುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಹಾಗೇನಿಲ್ಲ. ಮೈ ಒದ್ದೆಯಾಗಿ, ಗಾಳಿ ಹೊಡೀತಿದ್ದರೆ 10-15 ಡಿಗ್ರಿಯಲ್ಲೂ ಆಗಬಹುದು. ನಡುಕ, ತೊದಲು ಮಾತು, ಕೈ ಹಿಡಿತ ತಪ್ಪೋದು, ಕಾಲು ಎಡವೋದು, ಇವು ಮೊದಲ ಲಕ್ಷಣ. ದಯವಿಟ್ಟು ನೆನಪಿಟ್ಟುಕೊಳ್ಳಿ.

ಗೈಡ್ ತಮ್ಮ ಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಕಂಬಳಿ ತೆಗೆದರು. ಬಂಡೆ ಮರೆಯಲ್ಲಿ ಕೂರಿಸಿ, ಒದ್ದೆ ಬಟ್ಟೆ ಬಿಚ್ಚಿಸಿ, ನನ್ನ ಚೀಲದಲ್ಲಿದ್ದ ಒಣ ಸ್ವೆಟರ್ ಹಾಕಿಸಿ, ಕಂಬಳಿ ಹೊದಿಸಿ, ಫ್ಲಾಸ್ಕ್‌ನಲ್ಲಿದ್ದ ಬೆಲ್ಲದ ಕಾಫಿ ಕುಡಿಸಿದ್ವಿ. ಅರ್ಧ ಗಂಟೆ ಆದ್ಮೇಲೆ ಅವನು ನೆಟ್ಟಗೆ ಮಾತಾಡಿದ. ತುದಿ ನೋಡದೇ ಇಳಿದ್ವಿ. ಇಳಿಯುವಾಗ ಗೈಡ್ ಒಂದು ಮಾತು ಹೇಳಿದ್ರು: "ಈ ಮಳೇಲಿ ನೆನೆಯೋದೇ ಇಲ್ಲ ಅನ್ನೋದು ಆಗದ ಮಾತು. ನೆಂದ ಮೇಲೂ ಬೆಚ್ಚಗಿರೋದು ಹೇಗೆ ಅಂತ ನೋಡ್ಬೇಕು."

ಮನೆಗೆ ಬಂದ ಮೇಲೆ ತಮ್ಮನಿಗೆ ಸಿಟ್ಟು. "ಸುಳ್ಳು ಲೇಬಲ್ ಹಾಕಿ ಮೋಸ ಮಾಡಿದಾರೆ" ಅಂತ. ನಾನೂ ಹಾಗೇ ಅಂದುಕೊಂಡು ಆ ಟ್ಯಾಗ್ ಹಿಡಿದು ಕೂತೆ. ಒಂದೊಂದೇ ಪದ, ಒಂದೊಂದೇ ನಂಬರ್ ಏನು ಅಂತ ಓದ್ತಾ ಹೋದೆ. ಕೊನೆಗೆ ಗೊತ್ತಾಗಿದ್ದು ಏನು ಗೊತ್ತಾ? ಆ ನಂಬರ್ ಬಹುಶಃ ಸುಳ್ಳಲ್ಲ. ಆದರೆ ಅದು ನಾವು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲ.

10,000 ಎಂಎಂ ಅಂದ್ರೆ ಏನು ನೋಡೋಣ. ಇದು ಮಳೆ ಪ್ರಮಾಣ ಅಲ್ಲ, ಒತ್ತಡದ ಅಳತೆ. ಇಂಗ್ಲಿಷ್‌ನಲ್ಲಿ ಹೈಡ್ರೋಸ್ಟಾಟಿಕ್ ಹೆಡ್ ಅಂತಾರೆ. ಒಂದು ತುಂಡು ಬಟ್ಟೆಯನ್ನ ಬಿಗಿಯಾಗಿ ಹಿಡಿದು, ಅದರ ಒಂದು ಬದಿಗೆ ನೀರಿನ ಒತ್ತಡ ಹೆಚ್ಚಿಸ್ತಾ ಹೋಗ್ತಾರೆ. ಇನ್ನೊಂದು ಬದಿಯಲ್ಲಿ ಮೂರು ಕಡೆ ನೀರಿನ ಹನಿ ಕಾಣಿಸಿದಾಗ ನಿಲ್ಲಿಸಿ, ಆಗ ಎಷ್ಟು ಎತ್ತರದ ನೀರಿನ ಕಂಬದ ಒತ್ತಡ ಇತ್ತು ಅಂತ ಬರ್ಕೋತಾರೆ. ಐಎಸ್‌ಒ 811 ಅನ್ನೋ ಪರೀಕ್ಷೆ ಇದು. 10,000 ಎಂಎಂ ಅಂದ್ರೆ 10 ಮೀಟರ್ ಎತ್ತರದ ನೀರು, ಅಂದ್ರೆ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕೆಜಿ ಭಾರ. ಬೀಳೋ ಮಳೆಹನಿಗೆ ಇಷ್ಟು ಒತ್ತಡ ಇರೋದಿಲ್ಲ. ಬ್ಯಾಗಿನ ಪಟ್ಟಿ ಭುಜದ ಮೇಲೆ ಒತ್ತೋದು, ಒದ್ದೆ ಬಂಡೆ ಮೇಲೆ ಕೂರೋದು, ಮಂಡಿಯೂರೋದು, ಇಂಥ ಕಡೆ ಈ ನಂಬರ್ ಕೆಲಸಕ್ಕೆ ಬರುತ್ತೆ.

ಅಂದ್ರೆ ಬಟ್ಟೆ ಒಳ್ಳೇದೇ ಇತ್ತು. ಹಾಗಾದ್ರೆ ನೀರು ಎಲ್ಲಿಂದ ಬಂತು?

ಜಾಕೆಟ್ ಒಳಮಗ್ಗುಲು ತಿರುಗಿಸಿ ನೋಡಿದ್ವಿ. ಹೊಲಿಗೆ ಇರೋ ಕಡೆ ಸೂಜಿ ಹೋಗಿ ಬಂದಿರುತ್ತೆ, ಪ್ರತಿ ಹೊಲಿಗೆಯೂ ಒಂದು ತೂತು. ಒಳ್ಳೆ ಮಳೆ ಜಾಕೆಟ್‌ಗಳಲ್ಲಿ ಆ ಹೊಲಿಗೆ ಸಾಲಿನ ಮೇಲೆ ಒಳಗಡೆಯಿಂದ ತೆಳು ಟೇಪ್ ಅಂಟಿಸಿರ್ತಾರೆ, ಸೀಮ್ ಟೇಪ್ ಅಂತ. ತಮ್ಮನ ಜಾಕೆಟ್‌ನಲ್ಲಿ ಅದು ಭುಜ ಮತ್ತು ಟೋಪಿಯಲ್ಲಿ ಮಾತ್ರ ಇತ್ತು. ಕಂಕುಳು, ಪಕ್ಕ, ಜೇಬು, ಎಲ್ಲಾ ಬರೀ ಹೊಲಿಗೆ. ಜಿಪ್ ಕೂಡ ಮಾಮೂಲಿ ಜಿಪ್. ಲೇಬಲ್ ಹೇಳಿದ್ದು ಬಟ್ಟೆ ತುಂಡಿನ ಕಥೆ, ಅವನು ಹಾಕಿಕೊಂಡಿದ್ದು ಇಡೀ ಜಾಕೆಟ್.

ಎರಡನೇ ಪದ, 'ಬ್ರೀದಬಲ್'. ನನಗೆ ತುಂಬಾ ಕಣ್ಣು ತೆರೆಸಿದ್ದು ಇದು. ಜಾಕೆಟ್ ಒಳಗಿನ ಬೆವರಿನ ಆವಿ ಹೊರಗೆ ಹೋಗುತ್ತೆ, ಹೊರಗಿನ ನೀರು ಒಳಗೆ ಬರೋದಿಲ್ಲ, ಅನ್ನೋದು ಭರವಸೆ. ಇದು ಕಟ್ಟುಕಥೆ ಅಲ್ಲ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಪಿಟಿಎಫ್‌ಇ ಅನ್ನೋ ಪ್ಲಾಸ್ಟಿಕ್ಕನ್ನ ಸರಕ್ಕನೆ ಎಳೆದಾಗ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಮೂಡಿದವು. ನೀರಿನ ಹನಿ ತೂರದಷ್ಟು ಚಿಕ್ಕವು, ಆವಿ ತೂರುವಷ್ಟು ದೊಡ್ಡವು. ಗೋರ್-ಟೆಕ್ಸ್ ಹುಟ್ಟಿದ್ದು ಹಾಗೆ. ಆಮೇಲೆ ಅಂಥವು ಎಷ್ಟೋ ಬಂದವು.

ಟ್ಯಾಗ್‌ನಲ್ಲಿ ಇದಕ್ಕೂ ಒಂದು ನಂಬರ್ ಇರುತ್ತೆ: ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೊರಗೆ ಹೋಗುತ್ತೆ ಅಂತ. ಇದನ್ನ ಅಳೆಯೋಕೆ ಒಂದಲ್ಲ, ಹಲವು ಪರೀಕ್ಷೆಗಳಿವೆ. ಅದೇ ಬಟ್ಟೆಗೆ ಒಂದೊಂದು ಪರೀಕ್ಷೆಯಲ್ಲಿ ಒಂದೊಂದು ನಂಬರ್ ಬರುತ್ತೆ. ಯಾವ ಪರೀಕ್ಷೆ ಅಂತ ಬರೆಯದೇ ಇದ್ದರೆ ಎರಡು ಕಂಪನಿಗಳ ನಂಬರ್ ಪಕ್ಕಪಕ್ಕ ಇಟ್ಟು ಹೋಲಿಸೋಕೆ ಅರ್ಥವೇ ಇಲ್ಲ.

ಇನ್ನೊಂದು ವಿಷಯ ನಮಗೇ, ಮಲೆನಾಡಿನ ಮಳೆಯಲ್ಲಿ ನಡೆಯೋರಿಗೆ ಸಂಬಂಧಪಟ್ಟದ್ದು. ಆವಿ ತನ್ನಷ್ಟಕ್ಕೆ ತಾನೇ ಹೊರಗೆ ಓಡೋದಿಲ್ಲ. ಒಳಗೆ ತೇವ ಜಾಸ್ತಿ, ಹೊರಗೆ ಕಮ್ಮಿ ಇದ್ದರೆ ಮಾತ್ರ ಹೊರಟುಹೋಗುತ್ತೆ. ಚಳಿ ಇದ್ದು ಗಾಳಿ ಒಣಗಿರೋ ಜಾಗದಲ್ಲಿ ಇದು ಚೆನ್ನಾಗಿ ನಡೆಯುತ್ತೆ. ಸೆಪ್ಟೆಂಬರ್‌ನಲ್ಲಿ ಮೋಡದೊಳಗೆ ಮುಳುಗಿರೋ ಕುದುರೆಮುಖದಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿಹೋಗಿರುತ್ತೆ. ಒಳಗಿನ ಬೆವರು ಎಲ್ಲಿಗೆ ಹೋಗಬೇಕು? ಮಳೆ ದಿನ ಹಿತ್ತಿಲಲ್ಲಿ ಹರವಿದ ಬಟ್ಟೆ ಒಣಗುತ್ತಾ? ಹಾಗೇ ಇದು. ತಮ್ಮ ಏರು ದಾರಿಯಲ್ಲಿ ಬೆವರಿದ್ದೇ ಬೆವರಿದ್ದು. ಒಳಗಿದ್ದ ನೀರಿನಲ್ಲಿ ಅರ್ಧ ಅವನದೇ ಇರಬೇಕು.

ಮಲೆನಾಡಿನ ಗದ್ದೆ ಕೆಲಸದವರು ಗೊರಬು ಹಾಕ್ಕೊಳ್ತಿದ್ದದ್ದು ನೋಡಿದೀರಾ? ತಲೆಯಿಂದ ಬೆನ್ನಿನವರೆಗೆ ಎಲೆಯ ಹೊದಿಕೆ, ಮುಂದೆ ಪೂರ್ತಿ ತೆರೆದೇ ಇರುತ್ತೆ. ಬಗ್ಗಿ ನಾಟಿ ಮಾಡೋರಿಗೆ ಬೆನ್ನಿಗೆ ಮಳೆ ಬೀಳಲ್ಲ, ಬೆವರೂ ಒಳಗೆ ಕಟ್ಟಲ್ಲ. ಗೊರಬು ಹಾಕ್ಕೊಂಡು ಟ್ರೆಕ್ಕಿಂಗ್ ಹೋಗಿ ಅಂತ ನಾನು ಹೇಳ್ತಿಲ್ಲ, ಗಾಳಿಗೆ ಹಾರಿಹೋಗುತ್ತೆ! ಅದನ್ನ ಮಾಡಿದವರು ಯಾವ ಮಳೆ, ಯಾವ ಕೆಲಸ ಅಂತ ಮೊದಲು ಕೇಳಿಕೊಂಡಿದ್ರು. ನಾವು ಟ್ಯಾಗ್ ಓದುವಾಗ ಆ ಪ್ರಶ್ನೆ ಕೇಳೋದಿಲ್ಲ.

ಸರಿ, ಜಾಕೆಟ್ ಬಿಡಿ. ಬೇರೆ ಸಾಮಾನು ನೋಡೋಣ.

ನಮ್ಮ ಬೆಂಗಳೂರಿನ ಎಷ್ಟೋ ಹುಡುಗ ಹುಡುಗಿಯರು ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗ್ತಾರೆ. ರಾತ್ರಿ ಸೊನ್ನೆಗಿಂತ ಕೆಳಗೆ. ಸ್ಲೀಪಿಂಗ್ ಬ್ಯಾಗ್ ಮೇಲೆ ದೊಡ್ಡದಾಗಿ 'ಮೈನಸ್ 10' ಅಂತ ಬರೆದಿರುತ್ತೆ. ಮೈನಸ್ 10ರಲ್ಲಿ ಬೆಚ್ಚಗೆ ನಿದ್ದೆ ಬರುತ್ತೆ ಅಂತ ನಾವು ಓದ್ಕೋತೀವಿ. ಐಎಸ್‌ಒ 23537 ಅನ್ನೋ ಮಾನದಂಡದ ಪ್ರಕಾರ ಪರೀಕ್ಷೆ ಆಗಿದ್ದರೆ ಅಲ್ಲಿ ಮುಖ್ಯವಾಗಿ ಮೂರು ಅಂಕಿ ನೋಡಬೇಕು. 'ಕಂಫರ್ಟ್' ಅಂದ್ರೆ ಸಾಮಾನ್ಯ ಮೈಕಟ್ಟಿನ ಹೆಣ್ಣುಮಗಳು ಆರಾಮಾಗಿ ಮಲಗೋ ಉಷ್ಣತೆ. 'ಲಿಮಿಟ್' ಅಂದ್ರೆ ಸಾಮಾನ್ಯ ಮೈಕಟ್ಟಿನ ಗಂಡಸು ಮುದುರಿಕೊಂಡು ಹೇಗೋ ರಾತ್ರಿ ಕಳೆಯೋ ಉಷ್ಣತೆ. 'ಎಕ್ಸ್‌ಟ್ರೀಮ್' ಅಂದ್ರೆ ಆರು ಗಂಟೆ ಜೀವ ಉಳಿಸಿಕೊಳ್ಳೋ ಲೆಕ್ಕ, ಹೈಪೋಥರ್ಮಿಯಾ ಅಪಾಯ ಆಗಲೂ ಇದ್ದೇ ಇರುತ್ತೆ. ಚೀಲದ ಮೇಲೆ ದೊಡ್ಡಕ್ಷರದಲ್ಲಿರೋದು ಈ ಮೂರರಲ್ಲಿ ಯಾವುದು ಅಂತ ನೋಡಿ. ಬರೀ ಒಂದೇ ನಂಬರ್ ಇದ್ದು ಯಾವುದು ಅಂತ ಹೇಳಿಲ್ಲ ಅಂದ್ರೆ, ಅದನ್ನ ಎಕ್ಸ್‌ಟ್ರೀಮ್ ಅಂತಲೇ ಲೆಕ್ಕ ಹಾಕ್ಕೊಳ್ಳಿ. ಇನ್ನೊಂದು, ಈ ಪರೀಕ್ಷೆ ಮಾಡೋದು ಕೆಳಗೆ ಮ್ಯಾಟ್ ಹಾಸಿ, ಗೊಂಬೆಗೆ ಒಳಬಟ್ಟೆ ತೊಡಿಸಿ. ಮ್ಯಾಟ್ ಇಲ್ಲದೆ ನೆಲದ ಮೇಲೆ ಮಲಗಿದ್ರೆ ಆ ಅಂಕಿ ನಿಮ್ಮದಲ್ಲ.

ಹೆಡ್‌ಲ್ಯಾಂಪ್. '100 ಗಂಟೆ ಬಾಳಿಕೆ' ಅಂತಾರೆ. ಎಫ್ಎಲ್1 ಅನ್ನೋ ಮಾನದಂಡದಲ್ಲಿ ಬ್ಯಾಟರಿ ಬಾಳಿಕೆ ಎಣಿಸೋದು ಬೆಳಕು ಮೊದಲಿನ ಶೇಕಡ 10ಕ್ಕೆ ಇಳಿಯೋವರೆಗೂ. ಅಂದ್ರೆ ಕೊನೆ ಗಂಟೆಗಳಲ್ಲಿ ಹತ್ತರಲ್ಲಿ ಒಂದು ಪಾಲು ಬೆಳಕು. '100 ಮೀಟರ್ ದೂರ' ಅಂದ್ರೆ ಅಷ್ಟು ದೂರದಲ್ಲಿ ಹೆಚ್ಚುಕಮ್ಮಿ ಹುಣ್ಣಿಮೆ ಬೆಳದಿಂಗಳಷ್ಟು ಬೆಳಕು ಬೀಳುತ್ತೆ ಅಂತ. ಸುಳ್ಳಲ್ಲ, ಆದರೆ ಕಲ್ಲುದಾರಿಯಲ್ಲಿ ಕಾಲಿಡೋಕೆ ಆ ಬೆಳಕು ಸಾಕಾ ಅಂತ ನೀವೇ ಯೋಚನೆ ಮಾಡಿ.

ಈಗ ನೀವು ಕಿವಿಗೆ ಹಾಕ್ಕೊಂಡಿರೋ ಇಯರ್‌ಬಡ್ಸ್. ಐಪಿಎಕ್ಸ್4 ಇರಬಹುದು. ಫೋನ್ ಐಪಿ67 ಇರಬಹುದು. ಮೊದಲ ಅಂಕಿ ಧೂಳಿಗೆ, ಎರಡನೇದು ನೀರಿಗೆ. ಎಕ್ಸ್ ಅಂದ್ರೆ ಆ ಪರೀಕ್ಷೆಯ ಬಗ್ಗೆ ಏನೂ ಹೇಳಿಲ್ಲ ಅಂತ. 4 ಅಂದ್ರೆ ಎಲ್ಲಾ ದಿಕ್ಕಿನಿಂದ ನೀರು ಚಿಮುಕಿಸಿದ್ರೂ ತಡೆಯುತ್ತೆ, 7 ಅಂದ್ರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿದ್ರೂ ತಡೆಯುತ್ತೆ. ಆದರೆ ಪರೀಕ್ಷೆ ಆಗೋದು ಹೊಸ ಸಾಮಾನಿಗೆ, ಸಿಹಿ ನೀರಿನಲ್ಲಿ. ಎರಡು ವರ್ಷ ಜೇಬಲ್ಲಿ ಸವೆದು, ನಾಲ್ಕು ಸಲ ಕೆಳಗೆ ಬಿದ್ದ ಫೋನನ್ನ ಗೋಕರ್ಣದ ಉಪ್ಪುನೀರಿಗೆ ಹಾಕಿ ರೀಲ್ಸ್ ಮಾಡ್ಬೇಡಿ.

ಇಲ್ಲಿವರೆಗೆ ಹೇಳಿದ ಲೇಬಲ್‌ಗಳ ಹಿಂದೆ ಒಂದು ಪರೀಕ್ಷೆಯಾದ್ರೂ ಇದೆ. ಇನ್ನೊಂದು ಜಾತಿ ಇದೆ, ಬರೀ ವಿಶೇಷಣ. 'ಆಲ್ ವೆದರ್', 'ಪ್ರೊ', 'ಎಕ್ಸ್‌ಪೆಡಿಷನ್ ಗ್ರೇಡ್', 'ಹಿಮಾಲಯನ್'. ಇವಕ್ಕೆ ಅಳತೆಗೋಲೇ ಇಲ್ಲ. 'ಇಬ್ಬರ ಟೆಂಟ್' ಅನ್ನೋದೂ ಹೆಚ್ಚುಕಮ್ಮಿ ಇದೇ ಗುಂಪು. ಇಬ್ಬರು ಭುಜಕ್ಕೆ ಭುಜ ತಾಗಿಸಿ ಮಲಗಬಹುದು, ಬ್ಯಾಗ್ ಹೊರಗೆ. 'ಮಿಲಿಟರಿ ಗ್ರೇಡ್' ಕೇಳೋಕೆ ಇವೆಲ್ಲಕ್ಕಿಂತ ಗಟ್ಟಿ. ಅದರ ಹಿಂದೆ ಸಾಮಾನ್ಯವಾಗಿ ಇರೋದು ಮಿಲ್-ಎಸ್‌ಟಿಡಿ-810 ಅನ್ನೋ ಅಮೆರಿಕ ಸೇನೆಯ ಪರೀಕ್ಷಾ ವಿಧಾನಗಳ ಪುಸ್ತಕ. ಅದರಲ್ಲಿ ಬೀಳಿಸೋದು, ಬಿಸಿ, ಚಳಿ, ಧೂಳು, ಮಳೆ ಅಂತ ಎಷ್ಟೋ ಪರೀಕ್ಷೆ ಇವೆ. ಯಾವ ಪರೀಕ್ಷೆ ಮಾಡಬೇಕು ಅಂತ ಕಂಪನಿಯೇ ಆರಿಸಿಕೊಳ್ಳಬಹುದು. ಸೇನೆ ಬಂದು ಮುದ್ರೆ ಒತ್ತೋದಿಲ್ಲ.

ಹಾಗಾದ್ರೆ ಎಲ್ಲಾ ಲೇಬಲ್ ಬೂಸಿನಾ? ಇಲ್ಲ. ಇಲ್ಲಿ ನಾವು ಇನ್ನೊಂದು ತಪ್ಪು ಮಾಡ್ತೀವಿ. ಒಂದು ಸಲ ಮೋಸ ಹೋದ್ಮೇಲೆ 'ಎಲ್ಲಾ ಮಾರ್ಕೆಟಿಂಗ್ ಗುರೂ' ಅಂತ ಬೇಕಾದ ಲೇಬಲ್ಲನ್ನೂ ಬಿಟ್ಟುಬಿಡ್ತೀವಿ.

ರಾಮನಗರದ ಬಂಡೆ ಹತ್ತೋರನ್ನ ಕೇಳಿ. ಅವರ ಕ್ಯಾರಾಬೈನರ್ ಮೇಲೆ ಕೆತ್ತಿರೋ ಅಂಕಿ ಇರುತ್ತೆ, ಕಿಲೋನ್ಯೂಟನ್ ಲೆಕ್ಕದಲ್ಲಿ. 20 ಅಂತ ಇದ್ದರೆ ಸುಮಾರು 2,000 ಕೆಜಿ ಭಾರದ ಬಲ ತಡೆಯುತ್ತೆ ಅಂತ. ಪಕ್ಕದಲ್ಲಿ ಸಿಇ ಅಥವಾ ಯುಐಎಎ ಗುರುತು. ಅದು ಜಾಹೀರಾತು ಬರೆಯೋರು ಹಾಕಿದ್ದಲ್ಲ, ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಆಗಿರುತ್ತೆ. ಅದೇ ಆಕಾರದ ಕೀಚೈನ್ ಕೊಂಡರೆ ಅದರ ಮೇಲೆ 'ಹತ್ತಲು ಬಳಸಬೇಡಿ' ಅಂತ ಇಂಗ್ಲಿಷ್‌ನಲ್ಲಿ ಬರೆದಿರುತ್ತೆ. ನನ್ನ ಪ್ರಕಾರ ಅಂಗಡಿಯಲ್ಲಿ ಸಿಗೋ ಅತ್ಯಂತ ಪ್ರಾಮಾಣಿಕ ಲೇಬಲ್ ಅದು.

ಟ್ರೆಕ್ಕಿಂಗ್‌ಗೆ ಬೈಕ್‌ನಲ್ಲೇ ಹೋಗ್ತೀರಲ್ವಾ? ಹೆಲ್ಮೆಟ್ ಮೇಲೆ ಐಎಸ್‌ಐ ಗುರುತು, ಐಎಸ್ 4151 ಅಂತ ಇದ್ಯಾ ನೋಡಿ. 2021ರ ಜೂನ್‌ನಿಂದ ಆ ಗುರುತು ಇಲ್ಲದ ಹೆಲ್ಮೆಟ್ ಮಾರೋ ಹಾಗೇ ಇಲ್ಲ. ರಸ್ತೆ ಬದಿಯಲ್ಲಿ ಸಿಗೋ ಅಗ್ಗದ ಟೋಪಿಗೂ ಇದಕ್ಕೂ ವ್ಯತ್ಯಾಸ ಬರೀ ಸ್ಟಿಕ್ಕರ್ ಅಲ್ಲ, ನಿಮ್ಮ ತಲೆ. ಸ್ಟಿಕ್ಕರ್ ನಕಲಿ ಮಾಡ್ತಾರೆ ಅನ್ನೋದೂ ನಿಜ, ಅದಕ್ಕೆ ಲೈಸೆನ್ಸ್ ನಂಬರನ್ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ಹಾಗಾಗಿ ಈಗ ನಾನು ಏನೇ ಕೊಳ್ಳೋದಿದ್ರೂ ಮೂರು ಪ್ರಶ್ನೆ ಕೇಳ್ತೀನಿ. ಒಂದು, ಇದು ಪದವೋ, ಪರೀಕ್ಷೆಯೋ? ಪರೀಕ್ಷೆಯಾದ್ರೆ ಹೆಸರು ಎಲ್ಲಿ? ಎರಡು, ಪರೀಕ್ಷೆ ಮಾಡಿದ್ದು ಯಾವುದಕ್ಕೆ, ತುಂಡು ಬಟ್ಟೆಗೋ, ಇಡೀ ಸಾಮಾನಿಗೋ? ಮೂರು, ಅವರು ಪರೀಕ್ಷೆ ಮಾಡಿದ ಪರಿಸ್ಥಿತಿಗೂ ನಾನು ಹೋಗೋ ಜಾಗಕ್ಕೂ ಏನಾದ್ರೂ ಸಂಬಂಧ ಇದ್ಯಾ?

ಮಳೆ ಜಾಕೆಟ್ ಆದ್ರೆ ಟ್ಯಾಗ್ ಕೀಳೋ ಮೊದಲು ಒಳಮಗ್ಗುಲು ತಿರುಗಿಸಿ. ಎಲ್ಲಾ ಹೊಲಿಗೆ ಮೇಲೆ ಟೇಪ್ ಇದ್ಯಾ, ಕಂಕುಳಲ್ಲಿ ಗಾಳಿಯಾಡೋಕೆ ಜಿಪ್ ಇದ್ಯಾ ನೋಡಿ. ಇಲ್ಲದಿದ್ರೆ ಅಲ್ಲೇ ವಾಪಸ್ ಮಾಡಿ. ಇಟ್ಟುಕೊಂಡ್ರೆ, ಬೆಟ್ಟಕ್ಕೆ ಹೋಗೋ ಮೊದಲು ಬಚ್ಚಲುಮನೆಯಲ್ಲಿ ಹಾಕ್ಕೊಂಡು ಹತ್ತು ನಿಮಿಷ ಶವರ್ ಕೆಳಗೆ ನಿಲ್ಲಿ, ಭುಜಕ್ಕೆ ಬ್ಯಾಗ್ ಪಟ್ಟಿ ಸಮೇತ. ಮನೆಯವರು ನಗಲಿ ಬಿಡಿ. ಹಳೇ ಜಾಕೆಟ್ ಮೇಲೆ ನೀರು ಮುತ್ತಿನ ಹಾಗೆ ಉರುಳದೆ ಬಟ್ಟೆಯೊಳಗೆ ಹರಡ್ತಿದ್ರೆ ಹೊರಲೇಪನ ಸವೆದಿದೆ ಅಂತ ಅರ್ಥ. ಕೊಳೆ ತೊಳೆದು, ಲೇಬಲ್‌ನಲ್ಲಿ ಹೇಳಿರೋ ಹಾಗೆ ಹದವಾದ ಬಿಸಿ ಕೊಟ್ರೆ ಸ್ವಲ್ಪ ಮಟ್ಟಿಗೆ ವಾಪಸ್ ಬರುತ್ತೆ.

ನಿಜವಾಗ್ಲೂ ಸುಳ್ಳು ಹೇಳಿ ಮಾರಿದ್ರೆ ಸುಮ್ಮನಿರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. 2022ರಲ್ಲಿ ದಾರಿ ತಪ್ಪಿಸೋ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಬಂತು. ದೊಡ್ಡಕ್ಷರದಲ್ಲಿ ಕೊಟ್ಟ ಮಾತನ್ನ ಕೆಳಗಿನ ಸಣ್ಣಕ್ಷರ ಅಲ್ಲಗಳೆಯೋ ಹಾಗಿಲ್ಲ ಅಂತ ಅದರಲ್ಲೇ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಫೋನ್ ಮಾಡೋಕೆ ದುಡ್ಡು ಬೇಡ.

ತಮ್ಮ ಆ ಜಾಕೆಟ್ ಬಿಸಾಕಲಿಲ್ಲ. ಹೊಲಿಗೆ ಸಾಲಿಗೆಲ್ಲ ಸೀಮ್ ಸೀಲರ್ ಹಚ್ಚಿದ. ಹತ್ತಿ ಟೀಶರ್ಟ್ ಬಿಟ್ಟು ಬೇಗ ಒಣಗೋ ಬಟ್ಟೆ ಹಾಕ್ತಾನೆ. ಏರುವಾಗ ಜಿಪ್ ಅರ್ಧ ತೆಗೆದಿರ್ತಾನೆ. ಚೀಲದ ತಳದಲ್ಲಿ ದಪ್ಪ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿದ ಒಂದು ಜೊತೆ ಒಣ ಬಟ್ಟೆ, ಒಂದು ಉಣ್ಣೆ ಸ್ವೆಟರ್ ಯಾವಾಗಲೂ ಇರುತ್ತೆ. ಮುಂದಿನ ವರ್ಷ ಅದೇ ತಿಂಗಳು ಮತ್ತೆ ಹೋದ್ವಿ. ಅವನು ಮತ್ತೆ ನೆಂದ. ಈ ಸಲ ದಾರಿಯುದ್ದಕ್ಕೂ ವಟವಟ ಅಂತಾನೇ ಇದ್ದ, ತುದಿಯವರೆಗೂ. ಅಷ್ಟು ಮಾತಾಡ್ತಿದ್ದಾನೆ ಅಂದ್ರೆ ಚೆನ್ನಾಗಿದ್ದಾನೆ ಅಂತ ನಾನು ಬೈಯ್ಯಲಿಲ್ಲ.

ನೀವು ನಂಬಿ ಕೊಂಡು ಕೈಕೊಟ್ಟ ಲೇಬಲ್ ಯಾವುದು? ಮಾತು ಉಳಿಸಿಕೊಂಡ ಲೇಬಲ್ ಯಾವುದು? ವಾಯ್ಸ್ ಮೆಸೇಜ್ ಕಳಿಸಿ. ಮಳೆಗಾಲದಲ್ಲಿ ಬೆಟ್ಟಕ್ಕೆ ಹೊರಟ ಗೆಳೆಯರಿಗೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ. ಅಲ್ಲಿವರೆಗೂ ಜೋಪಾನ, ನಮಸ್ಕಾರ.